ಹದಿನೇಳನೇ ನಂಬರಿನ ಬಾಗಿಲು

ಅಧ್ಯಾಯ ಒಂಬತ್ತು

"ಕಣ್ಣು ಬಿಟ್ಟು ನೋಡ್ಕೊಳ್ಳಿ ಮೇಡಂ. ನಲವತ್ತೊಂದು ಕಿಲೋ. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ."

ಕಾರ್ಖಾನೆಯ ಯಜಮಾನಿ ತೂಕದ ಯಂತ್ರದ ಕೆಂಪು ಅಂಕಿಗಳ ಪಕ್ಕ ಬೆರಳಿಟ್ಟು ನಿಂತಿದ್ದಳು. ಯಂತ್ರದ ಮೇಲೆ ಅಂಗಾತ ಮಲಗಿದ್ದ ಬಾಗಿಲನ್ನು ಆ ಬೆಳಿಗ್ಗೆಯಷ್ಟೇ ಒಂದು ಸಂಗೀತ ಶಾಲೆಯ ಮೆಟ್ಟಿಲ ಬಳಿಯಿಂದ ಬಿಚ್ಚಿ ತಂದಿದ್ದರು. ತಿಳಿಬೂದು ಬಣ್ಣ. ಮೇಲಿನ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಹಿತ್ತಾಳೆ ತಗಡು, ಅದರಲ್ಲಿ ಇಪ್ಪತ್ತಾರು ಎಂಬ ಅಂಕಿ.

ಬೂದಿ ಮೇಡಂ ಬಗ್ಗಿ ಅಂಕಿ ನೋಡಿದಳು. ಅಗ್ನಿಶಾಮಕ ದಳದಲ್ಲಿ ಇಪ್ಪತ್ತಾರು ವರ್ಷ ಕಳೆದು, ಈಗ ವಿಮಾ ಕಂಪನಿಯೊಂದರ ಪರವಾಗಿ ಸುಟ್ಟ ಮನೆಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಬೂದಿ ಜರಡಿ ಹಿಡಿಯುವ ಹೆಂಗಸು ಅವಳು. ಆ ಹೆಸರನ್ನು ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಒಂದು ದಿನ ಅವಳ ಕಿವಿಗೆ ಬಿತ್ತು. ನಕ್ಕು ಅದನ್ನೇ ಇಟ್ಟುಕೊಂಡಳು.

"ತೂಕ ಸರಿ ಇದ್ರೆ ಒಳಗಿನ ಸರಕೂ ಸರಿ," ಯಜಮಾನಿ ಮುಂದುವರಿಸಿದಳು. "ಇದು ನಾನು ಕಟ್ಟಿದ ಲೆಕ್ಕ ಅಲ್ಲ. ನೀವು ದಳದಲ್ಲಿದ್ದಾಗ ನೀವೇ ಬರೆದ ನಿಯಮ."

ಮಾತು ನಿಜ, ಅದಕ್ಕೇ ಚುಚ್ಚಿತು. ಬೆಂಕಿ ತಡೆಯುವ ಬಾಗಿಲನ್ನು ಒಡೆದು ನೋಡಿದರೆ ಬಾಗಿಲೇ ಹಾಳು. ಹಾಗಾಗಿ ತೂಗಿ ನೋಡಿ ಒಪ್ಪಿಕೊಳ್ಳಿ ಎಂದು ಎಂಟು ವರ್ಷದ ಹಿಂದೆ ಅವಳೇ ಬರೆದಿದ್ದಳು. ತಾನು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಇರುತ್ತಾರೆ ಎಂದು ಆಗ ಹೊಳೆದಿರಲಿಲ್ಲ.

ಹತ್ತು ದಿನದ ಹಿಂದೆ, ಮಧ್ಯಾಹ್ನ ಹನ್ನೆರಡೂವರೆಗೆ, ಪುಸ್ತಕ ಬೈಂಡಿಂಗ್ ಮಾಡುವ ಒಂದು ಕಟ್ಟಡದ ಕಾಗದದ ಕೋಣೆಗೆ ಬೆಂಕಿ ಬಿತ್ತು. ಆ ಕೋಣೆಗೂ ಹೊಲಿಗೆಯ ಹಾಲಿಗೂ ನಡುವೆ ಇದ್ದದ್ದು ಇದೇ ಕಾರ್ಖಾನೆಯ ಹದಿನೇಳನೇ ನಂಬರಿನ ಬಾಗಿಲು. ಒಂದು ಗಂಟೆ ತಡೆಯಬೇಕಾಗಿದ್ದದ್ದು ಒಂಬತ್ತೇ ನಿಮಿಷಕ್ಕೆ ಒಣಗಿದ ಎಲೆಯ ಹಾಗೆ ಮುರುಟಿಕೊಂಡಿತು. ಹೊಲಿಗೆ ಅಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸು ಹೊರಗೆ ಓಡಿ ಬಂದವಳು, ಕಿವಿ ಕೇಳದ ಕತ್ತರಿ ತಾತ ಒಳಗೇ ಉಳಿದನೆಂದು ಮತ್ತೆ ಒಳಗೆ ಹೋದಳು. ಇಬ್ಬರೂ ಬರಲಿಲ್ಲ.

ಮಾರನೇ ದಿನ ಆ ಬಾಗಿಲಿನ ವಿನ್ಯಾಸ ಮಾಡಿದ ಮುದುಕ ತಾನಾಗಿ ಪೊಲೀಸ್ ಠಾಣೆಗೆ ನಡೆದು ಹೋಗಿ, "ತಪ್ಪು ನನ್ನದು" ಎಂದು ಹೇಳಿ ಬೆಂಚಿನ ಮೇಲೆ ಕೂತ. ಅಷ್ಟೇ. ಆಮೇಲೆ ಬಾಯಿಗೆ ಬೀಗ.

ಬೂದಿ ಮೇಡಂಗೆ ಆ ತಪ್ಪೊಪ್ಪಿಗೆ ಗಂಟಲಲ್ಲಿ ಇಳಿದಿರಲಿಲ್ಲ. ಯಾಕೆಂದರೆ ಅದೇ ಕಟ್ಟಡದ ಬೀದಿ ಕಡೆಯ ಕಿಟಕಿಗೆ ಅದೇ ಮುದುಕ ಮಾಡಿದ ಹಗುರ ಶಟರ್ ಇತ್ತು. ಕಾವಿಗೆ ಕೊಂಡಿ ಕರಗಿದ ಕೂಡಲೇ ಅದು ತಾನಾಗಿ ಉರುಳಿ ಇಳಿದು, ಬೆಂಕಿ ಆರುವ ತನಕ ಅಲುಗಾಡದೆ ನಿಂತಿತ್ತು. ಪಕ್ಕದ ಮನೆಯವರು ಬದುಕಿದ್ದು ಅದರಿಂದ. ಒಂದೇ ತಲೆಯಿಂದ ಹುಟ್ಟಿದ ಎರಡು ವಸ್ತುಗಳಲ್ಲಿ ಒಂದು ಮಾತು ಉಳಿಸಿಕೊಂಡಿತ್ತು, ಇನ್ನೊಂದು ಕೈಕೊಟ್ಟಿತ್ತು. ಸುಟ್ಟ ಬಾಗಿಲಿನ ಕೆಳ ಅಂಚು ಮುರುಟಿ ಮುಚ್ಚಿಕೊಂಡಿತ್ತು, ಹೊಟ್ಟೆಯಲ್ಲಿ ಅವಳಿಗೆ ಸಿಕ್ಕಿದ್ದು ಹಿಡಿಯಷ್ಟು ಕರಿ ಬೂದಿ ಮಾತ್ರ. ಬಿಳಿ ಬೂದಿ ಇರಬೇಕಾದ ಜಾಗದಲ್ಲಿ ಕರಿ ಬೂದಿ.

"ಕೊಯ್ಯಿಸಿ," ಅಂದಳು ಬೂದಿ ಮೇಡಂ.

"ಏನು?"

"ಬಾಗಿಲು ಕೊಯ್ಯಿಸಿ. ನನ್ನ ಎದುರಿಗೆ."

ಯಜಮಾನಿ ಯಂತ್ರದಿಂದ ಬೆರಳು ತೆಗೆದಳು. ಐವತ್ತೆಂಟು ವರ್ಷ, ಗಟ್ಟಿ ಮೈ. ಮೊಣಕೈ ತನಕ ತೋಳು ಮಡಚಿದ ಗಂಡಸಿನ ಅಂಗಿ. ವಿನ್ಯಾಸದ ಮುದುಕ ಅವಳ ಸ್ವಂತ ಅಣ್ಣ. 'ಅಣ್ಣ ಗೆರೆ ಎಳೀತಾನೆ, ನಾನು ತಗಡು ಬಗ್ಗಿಸ್ತೀನಿ' ಅನ್ನುವುದು ಅವಳ ಹಳೇ ಮಾತು. ಅಣ್ಣ ಠಾಣೆಯ ಬೆಂಚಿನ ಮೇಲೆ ಕೂತ ಒಂಬತ್ತು ದಿನದಲ್ಲಿ ಅವಳು ಒಮ್ಮೆಯೂ ಅತ್ತ ಸುಳಿದಿರಲಿಲ್ಲ.

"ಮೇಸ್ತ್ರಿ," ಅವಳು ತಿರುಗದೆಯೇ ಕೂಗಿದಳು. "ನೀನೇ ಬಾರಪ್ಪ. ಮೇಡಂಗೆ ನಮ್ಮ ಬಾಗಿಲಿನ ಹೊಟ್ಟೆ ನೋಡ್ಬೇಕಂತೆ."

ಬೂದಿ ಮೇಡಂ ತಡೆದಳು. "ಅವರು ಬೇಡ. ಬೇರೆ ಯಾರಾದ್ರೂ."

"ಇರ್ಲಿ ಮೇಡಂ. ನಾನೇ ಕೊಯ್ತೀನಿ."

ಎಡಗೈ ಮೇಸ್ತ್ರಿ ಆಗಲೇ ತಗಡು ಕೊಯ್ಯುವ ಗ್ರೈಂಡರ್ ಹಿಡಿದು ಬಂದಿದ್ದ. ಸತ್ತ ಹೊಲಿಗೆ ಅಕ್ಕ ಈತನ ಹೆಂಡತಿ. ಹತ್ತು ದಿನದಲ್ಲಿ ಗಡ್ಡ ಬೆಳೆದು ಕೆನ್ನೆಯ ಗುಳಿ ಮುಚ್ಚಿತ್ತು. ಮನೆಯಲ್ಲಿ ಕೂತರೆ ಗೋಡೆ ತಿನ್ನಲು ಬರುತ್ತದೆ ಎಂದು ಹೇಳಿ ಆರನೇ ದಿನವೇ ಕೆಲಸಕ್ಕೆ ಬಂದಿದ್ದನಂತೆ. ಕಣ್ಣಿಗೆ ಕನ್ನಡಕ ಏರಿಸಿ, ಬಾಗಿಲಿನ ನಡುಮಧ್ಯೆ ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದ. ಚಕ್ರ ಕಿರುಚಿತು. ಕಿಡಿಗಳು ಎಡಕ್ಕೆ ಹಾರಿದವು.

ಮೇಲಿನ ಅಂಚಿನಿಂದ ಕೆಳಗಿನ ತನಕ ಬಂದ. ಕೆಳ ಅಂಚು ಇನ್ನು ನಾಲ್ಕು ಬೆರಳು ದೂರ ಇರುವಾಗ ಚಕ್ರವನ್ನು ಮೇಲೆತ್ತಿದ. ಅಡ್ಡಕ್ಕೆ ತಿರುಗಿಸಿ, ಪಕ್ಕದ ಅಂಚಿನ ತನಕ ಕೊಯ್ದ. ಗ್ರೈಂಡರ್ ಆಫ್ ಮಾಡಿ, ತಗಡಿನ ಮೂಲೆಯನ್ನು ಇಕ್ಕಳದಲ್ಲಿ ಹಿಡಿದು ಮಡಚಿದ.

ಒಳಗೆ ಬಿಳಿ ಹಲಗೆ ಇರಬೇಕಿತ್ತು. ಕಲ್ಲಿನ ನೂಲಿಗೆ ನೀರು ಹಿಡಿದಿಡುವ ಗಾರೆ ಬೆರೆಸಿ, ಒತ್ತಿ, ಒಣಗಿಸಿದ ಹಲಗೆ. ಬೆಂಕಿ ತಗುಲಿದಾಗ ಅದು ತನ್ನೊಳಗಿನ ನೀರನ್ನು ಬೆವರಿನ ಹಾಗೆ ಬಿಡುತ್ತಾ ತಗಡನ್ನು ತಣ್ಣಗಿಡುತ್ತದೆ. ಅದೇ ಆ ಮುದುಕನ ಇಡೀ ಬದುಕಿನ ದುಡಿಮೆ.

ಒಳಗೆ ಇದ್ದದ್ದು ಜೇನುಗೂಡಿನ ಹಾಗೆ ಮಡಚಿ ಅಂಟಿಸಿದ ಕಂದು ಕಾಗದ. ಅಗ್ಗದ ಕಪಾಟಿನ ಬಾಗಿಲಿಗೆ ತುಂಬುತ್ತಾರಲ್ಲ, ಅದೇ.

ಸುತ್ತ ನಿಂತಿದ್ದ ನಾಲ್ಕು ಜನ ಕೆಲಸಗಾರರು ಕತ್ತು ಚಾಚಿದರು. ಯಜಮಾನಿ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಬೆಚ್ಚಿದ ಗುರುತೇ ಇರಲಿಲ್ಲ.

"ನನ್ನ ಅಣ್ಣ ಠಾಣೇಲಿ ಹೇಳಿದಾನಲ್ಲ, ತಪ್ಪು ಅವನದು ಅಂತ," ಅಂದಳು. "ನಾನೇನು ಹೇಳ್ಲಿ? ಗೆರೆ ಅವನದು. ಇನ್ನು ಏನಿದ್ರೂ ನನ್ನ ವಕೀಲರ ಹತ್ರ ಮಾತಾಡಿ." ಅಂಗಿಯ ತೋಳು ಇಳಿಸಿಕೊಂಡು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ಬಾಗಿಲು ಮುಚ್ಚಿದ ಸದ್ದು ಕೇಳಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ಬೂದಿ ಮೇಡಂ ನೋಡುತ್ತಿದ್ದದ್ದು ಅವಳನ್ನಲ್ಲ, ಕಾಗದವನ್ನೂ ಅಲ್ಲ. ಎಡಗೈ ಮೇಸ್ತ್ರಿಯ ಕೈಯನ್ನು.

"ಮೇಸ್ತ್ರಿ, ಒಂದು ನಿಮಿಷ ಒಳಗೆ ಬರ್ತೀರಾ?"

*

ಹಲಗೆ ಒಣಗಿಸುವ ಕೋಣೆಗೆ ಕಿಟಕಿ ಇಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಗಳು, ಅಟ್ಟಗಳ ಮೇಲೆ ಬಿಳಿ ಹಲಗೆಗಳು, ಪ್ರತಿಯೊಂದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಾರೀಖು. ಇಪ್ಪತ್ತೊಂದು ದಿನ ನೆರಳಲ್ಲಿ ಒಣಗಬೇಕು. ಇಪ್ಪತ್ತಕ್ಕೆ ತೆಗೆದರೆ ಬಿರುಕು ಬಿಡುತ್ತದೆ ಎಂದು ಮುದುಕ ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದದ್ದು ಬೂದಿ ಮೇಡಂಗೆ ನೆನಪಿತ್ತು. ಅವಳು ಅವನ ಶಿಷ್ಯೆ. ದಳಕ್ಕೆ ಸೇರಿದ ಹೊಸದರಲ್ಲಿ ಬಾಗಿಲುಗಳ ಪಾಠ ಮಾಡಿದವನು ಅವನೇ.

ಪ್ರಾಯದಲ್ಲಿ ಒಂದು ವಿದ್ಯಾರ್ಥಿನಿ ನಿಲಯದ ಬೆಂಕಿ ಆರಿದ ಮೇಲೆ ಬಾಗಿಲು ತೆಗೆಯಲು ಅವನನ್ನು ಕರೆಸಿದ್ದರಂತೆ. ಇನ್ನೂರು ಕಿಲೋ ಕಬ್ಬಿಣದ ಬಾಗಿಲು. "ಬೆಂಕೀನೂ ತಡೀತು, ಮಕ್ಕಳನ್ನೂ ತಡೀತು," ಅನ್ನುತ್ತಿದ್ದ. ಅಲ್ಲಿಂದ ಅವನಿಗೆ ಹಗುರದ ಹುಚ್ಚು. ಆರನೇ ಕ್ಲಾಸಿನ ಹುಡುಗಿ ಒಂದು ಕೈಯಲ್ಲಿ ತಳ್ಳುವಂಥ ಬಾಗಿಲು, ಆದರೆ ಒಂದು ಗಂಟೆ ಬೆಂಕಿಗೆ ಬಗ್ಗದ್ದು. ಚಮಚ ಎತ್ತಿದರೂ 'ಇದು ಇನ್ನೂ ಹಗುರ ಆಗ್ಬಹುದು' ಅನ್ನುವವನು. ಶಿಷ್ಯರೆಲ್ಲ ಸೇರಿ ಅವನಿಗೆ ಹಗುರಪ್ಪ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ಬೂದಿ ಮೇಡಂ ಒಂದು ಖಾಲಿ ಡಬ್ಬದ ಮೇಲೆ ಕೂತಳು. ಮೇಸ್ತ್ರಿ ಕೂರಲಿಲ್ಲ. ಕೈಯಲ್ಲಿ ಏನಾದರೂ ಇರಬೇಕು ಎನ್ನುವವನ ಹಾಗೆ ಅಟ್ಟದ ಮೇಲಿದ್ದ ಸಣ್ಣ ಸುತ್ತಿಗೆಯೊಂದನ್ನು ಎತ್ತಿಕೊಂಡ.

"ಚಕ್ರ ಯಾಕೆ ಎತ್ತಿದ್ರಿ?"

"ಯಾವ ಚಕ್ರ?"

"ಕೆಳಗಿನ ತನಕ ಕೊಯ್ದು ಬಂದ್ರಿ. ಅಂಚು ನಾಲ್ಕು ಬೆರಳಿದೆ ಅನ್ನೋವಾಗ ಎತ್ತಿದ್ರಿ."

"ಕೆಳಗೆ ಕಬ್ಬಿಣದ ಪಟ್ಟಿ ಇದೆಯಲ್ಲ ಮೇಡಂ. ಚಕ್ರ ಒಡೆದು ಮುಖಕ್ಕೆ ಹಾರುತ್ತೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಬೂದಿ ಮೇಡಂ ಆತುರಪಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವರಲ್ಲಿ ಯಾರಿಗೂ ಹೆಂಡತಿ ಸತ್ತು ಹತ್ತು ದಿನ ಆಗಿರಲಿಲ್ಲ. ಈ ಸಲ ಅವಳಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ.

"ನಕ್ಷೇಲಿ ಪಟ್ಟಿ ಇಲ್ಲ ಮೇಸ್ತ್ರಿ. ಸಂಗೀತ ಶಾಲೆಯೋರಿಗೂ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ. ತಗಡು ಬಿಚ್ಚೋಕೆ ಮುಂಚೆ ನಿಮಗೆ ಗೊತ್ತಿತ್ತು."

ಅವನು ಸುತ್ತಿಗೆಯ ಹಿಡಿಯನ್ನೇ ನೋಡುತ್ತಿದ್ದ.

"ಕಾಗದ ಹಗುರ. ತೂಕ ಸರಿ ಹೋಗ್ಲಿ ಅಂತ ಪಟ್ಟಿ," ಅಂದಳು ಅವಳು. "ಬೆಸುಗೆ ಬಲದಿಂದ ಎಡಕ್ಕೆ ಓಡಿದೆ. ಈ ಕಾರ್ಖಾನೇಲಿ ಎಡಗೈ ಒಂದೇ."

"ಇಪ್ಪತ್ನಾಲ್ಕು," ಅಂದ ಅವನು.

"ಏನು ಇಪ್ಪತ್ನಾಲ್ಕು?"

"ಇಪ್ಪತ್ತನೇ ನಂಬರಿಂದ ನಲವತ್ಮೂರರ ತನಕ. ಇಪ್ಪತ್ನಾಲ್ಕು ಬಾಗಿಲು. ಎಲ್ಲಾ ನಾನೇ ಮುಚ್ಚಿದ್ದು." ದನಿ ಏರಲಿಲ್ಲ, ಇಳಿಯಲಿಲ್ಲ. "ಐದು ತಿಂಗಳ ಹಿಂದೆ ಈ ಕೋಣೆ ಮೇಲಿನ ನೀರಿನ ಪೈಪ್ ಒಡೀತು. ಒಣಗಿದ್ದ ಹಲಗೆ ಎಲ್ಲಾ ನೆಂದು ಹಿಟ್ಟಾಯ್ತು. ಹೊಸದು ಅಂದ್ರೆ ಇಪ್ಪತ್ತೊಂದು ದಿನ. ಅಮ್ಮಾವ್ರು ಗಿರಾಕಿಗಳಿಗೆ ಗಡುವು ಕೊಟ್ಟುಬಿಟ್ಟಿದ್ರು. ಮೇಷ್ಟ್ರಿಗೆ ಆಗ ಕಣ್ಣಿನ ಆಪರೇಷನ್, ಮನೇಲಿದ್ರು. ಅಮ್ಮಾವ್ರು ಸೀಮೆಸುಣ್ಣ ತಗೊಂಡು ಈ ನೆಲದ ಮೇಲೇ ಬರೆದು ತೋರಿಸಿದ್ರು. ಇಲ್ಲಿ ಕಾಗದ, ಇಲ್ಲಿ ಪಟ್ಟಿ. ಕೆಲಸ ಮುಗಿದ ಮೇಲೆ ನೀರು ಹಾಕಿ ಒರೆಸಿಸಿದ್ರು."

"ನೀವು ಏನೂ ಅನ್ನಲಿಲ್ವಾ?"

"ಅಂದೆ. 'ನೂರು ಬಾಗಿಲಲ್ಲಿ ಒಂದೂ ಬೆಂಕಿ ಮುಖ ನೋಡಲ್ಲ ಕಣಯ್ಯ' ಅಂದ್ರು." ಅವನು ನಕ್ಕ ಹಾಗೆ ಮಾಡಿದ, ಹಲ್ಲು ಮಾತ್ರ ಕಂಡಿತು. "ಇಪ್ಪತ್ತೆರಡು ವರ್ಷ ಆಯ್ತು ಇಲ್ಲಿ. ಇಲ್ಲ ಅನ್ನೋ ಅಭ್ಯಾಸ ನನಗೆ ಇರ್ಲಿಲ್ಲ ಮೇಡಂ. ಅಭ್ಯಾಸ ಇಲ್ಲದ ಮಾತು ಬೇಕಾದಾಗ ಬಾಯಿಗೆ ಬರಲ್ಲ."

ಬೂದಿ ಮೇಡಂ ಎದ್ದು ನಿಂತಳು. ಮುಂದಿನ ಮಾತನ್ನು ಮೆತ್ತಗೆ ಹೇಳುವ ದಾರಿ ಇರಲಿಲ್ಲ. ಇದ್ದರೂ ಅವಳಿಗೆ ಆ ಹೊತ್ತಿಗೆ ಅಷ್ಟು ಕರುಣೆ ಉಳಿದಿರಲಿಲ್ಲ. ಕತ್ತರಿ ತಾತನ ಕನ್ನಡಕ ಕರಗಿ ಮೂಳೆಗೆ ಅಂಟಿದ್ದನ್ನು ಅವಳೇ ಬಿಡಿಸಿದ್ದಳು.

"ಹಾಗಾದ್ರೆ ನಿಮ್ಮ ಮನೆಯೋರು ಸತ್ತಿದ್ದು ನಿಮ್ಮದೇ ಬೆಸುಗೆ ಹಿಂದೆ, ಮೇಸ್ತ್ರಿ."

"ಇಲ್ಲ!"

ಅಟ್ಟದ ಮೇಲಿನ ಹಲಗೆ ಅದುರುವ ಹಾಗೆ ಕೂಗಿದ. ಹೊರಗೆ ಕೆಲಸದ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಇಲ್ಲ ಮೇಡಂ. ಅಷ್ಟು ಚಂಡಾಲ ಅಲ್ಲ ನಾನು. ಬೈಂಡಿಂಗ್‌ನೋರದು ಹದಿನೇಳು. ಅದು ಪೈಪ್ ಒಡೆಯೋಕೆ ಮುಂಚಿನದು. ಒಳ್ಳೇ ಬಾಗಿಲು. ಅವಳು ಕೂರೋ ಜಾಗದ ಬಾಗಿಲು ಅಂತ ನಾನೇ ಹಲಗೆ ಆರಿಸಿ, ನಾನೇ ತುಂಬಿ, ನಾನೇ ಹೋಗಿ ಕೀಲಿಗೆ ಏರಿಸಿದ್ದು. ಆವತ್ತು ಅವಳು ಅಲ್ಲಿರೋರಿಗೆಲ್ಲಾ 'ನನ್ನ ಯಜಮಾನ್ರ ಬಾಗಿಲು' ಅಂತ ತೋರಿಸಿಕೊಂಡು ಓಡಾಡಿದ್ಲು."

"ಒಳ್ಳೇ ಬಾಗಿಲು ಒಂಬತ್ತು ನಿಮಿಷಕ್ಕೆ ಹೋಗಲ್ಲ."

"ಅದೇ ನನಗೂ ಅರ್ಥ ಆಗ್ತಿಲ್ಲ! ಹತ್ತು ದಿನದಿಂದ ಇದೊಂದೇ ಯೋಚನೆ. ನಾನು ಹಲಗೆ ತುಂಬಿದ್ನಾ, ಕನಸಲ್ಲಿ ತುಂಬಿದ್ನಾ?"

ಬೂದಿ ಮೇಡಂ ಅವನ ಕಣ್ಣು ನೋಡಿದಳು. ಸುಳ್ಳು ಹೇಳುವವರಿಗೆ ಕೇಳುವವರ ಮೇಲೆ ಕಣ್ಣಿರುತ್ತದೆ. ಇವನ ಕಣ್ಣು ಎಲ್ಲೂ ಇರಲಿಲ್ಲ. ಚೀಲದಿಂದ ಫೋನು ತೆಗೆದು, ಸುಟ್ಟ ಬಾಗಿಲಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಅವನಿಗೆ ತೋರಿಸುವುದು ಬೇಡವೆಂದು ಹತ್ತು ದಿನ ಅನ್ನಿಸಿತ್ತು. ಈಗ ಬೇಕಾಯಿತು.

"ಬಾಗಿಲು ಮಾತ್ರ ನೋಡಿ. ಹಿಂದಿನದು ನೋಡ್ಬೇಡಿ."

ಅವನು ನೋಡಿದ. ಮಸಿ ಹಿಡಿದ ತಗಡು, ಮೇಲಿನ ಮೂಲೆಯಲ್ಲಿ ಹಿತ್ತಾಳೆಯ ನಂಬರು. ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದ. ಮತ್ತೂ ದೊಡ್ಡದು ಮಾಡಿದ.

"ಸ್ಕ್ರೂ," ಅಂದ.

"ಏನು?"

"ನಂಬರಿನ ತಗಡಿಗೆ ಸ್ಕ್ರೂ ಹಾಕಿದಾರೆ. ನಾನು ನಂಬರಿಗೆ ಸ್ಕ್ರೂ ಹಾಕೋದೇ ಇಲ್ಲ ಮೇಡಂ, ಬಡಿದು ಕೂರಿಸೋ ರಿವೆಟ್ ಮೊಳೆ ಹೊಡೆಯೋದು. ಹೊರಗಡೆ ಆ ಇಪ್ಪತ್ತಾರು ಇದೆಯಲ್ಲ, ಹೋಗಿ ನೋಡಿ. ಎಲ್ಲಾ ರಿವೆಟ್. ಇದನ್ನ ಯಾರೋ ಕಿತ್ತು, ಬೇರೆ ಬಾಗಿಲಿಗೆ ಹಾಕಿದಾರೆ."

ಅವಳು ಹೊರಗೆ ಹೋಗಿ ನೋಡಿ ಬಂದಳು. ರಿವೆಟ್.

"ನಿಜವಾದ ನಂಬರು ಬೇರೆ ಎಲ್ಲಾದ್ರೂ ಇರುತ್ತಾ?"

"ಕೀಲಿನ ತಗಡಿನ ಹಿಂದೆ. ಉಳಿಯಲ್ಲಿ ಒತ್ತಿರ್ತೀನಿ. ಕೀಲು ಬಿಚ್ಚದೆ ಕಾಣಲ್ಲ. ಮೇಷ್ಟ್ರು ಕಲಿಸಿದ್ದು."

ಬೈಂಡಿಂಗ್ ಕಟ್ಟಡದ ಕಾವಲಿಗೆ ಒಬ್ಬ ಪೊಲೀಸ್ ಪೇದೆ ಇದ್ದ. ಬೂದಿ ಮೇಡಂ ಫೋನಿನಲ್ಲಿ ಅವನಿಗೆ ಸ್ಕ್ರೂಡ್ರೈವರ್ ಹುಡುಕಿಸಿದಳು, ಯಾವ ಕೀಲು ಎಂದು ಹೇಳಿದಳು. ತುಕ್ಕು, ಮಸಿ, ಬಿಸಿಗೆ ಕಚ್ಚಿಕೊಂಡ ಸ್ಕ್ರೂ ಎಂದು ಪೇದೆ ಗೊಣಗುತ್ತಲೇ ಇದ್ದ. ಏಳೆಂಟು ನಿಮಿಷ ಆಗಿರಬೇಕು. ಅಷ್ಟು ಹೊತ್ತೂ ಮೇಸ್ತ್ರಿ ಅಟ್ಟದ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ.

"ಸಿಕ್ತು ಮೇಡಂ," ಪೇದೆ ಅಂದ. "ಮೂರು, ಒಂದು. ಮೂವತ್ತೊಂದು."

ಅವಳು ಆ ಅಂಕಿಯನ್ನು ಗಟ್ಟಿಯಾಗಿ ಹೇಳಿದಳು.

ಮೇಸ್ತ್ರಿ ನಿಧಾನಕ್ಕೆ ಹಣೆ ಎತ್ತಿದ. "ಮೂವತ್ತೊಂದು ಬೈಂಡಿಂಗ್‌ಗೆ ಹೋಗಿದ್ದಲ್ಲ. ಹೆರಿಗೆ ಆಸ್ಪತ್ರೆಗೆ. ದಿನ ತುಂಬೋ ಮೊದಲೇ ಹುಟ್ಟಿದ ಮಕ್ಕಳನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರಲ್ಲ, ಆ ಕೋಣೆಗೆ."

ಮೂವತ್ತೊಂದು ಬೈಂಡಿಂಗ್ ಕಟ್ಟಡದಲ್ಲಿ ಸುಟ್ಟಿದ್ದರೆ, ಹದಿನೇಳು ಈಗ ಆಸ್ಪತ್ರೆಯಲ್ಲಿರಬೇಕು. ಯಾರೋ ಒಳ್ಳೇ ಬಾಗಿಲನ್ನು ಬೈಂಡಿಂಗ್ ಕಟ್ಟಡದಿಂದ ಬಿಚ್ಚಿ ಆಸ್ಪತ್ರೆಗೆ ಏರಿಸಿದ್ದಾರೆ. ಆಸ್ಪತ್ರೆಯ ಕಾಗದದ ಬಾಗಿಲನ್ನು ಇತ್ತ ತಂದಿದ್ದಾರೆ. ಕಡತದಲ್ಲಿ ಗೊತ್ತಾಗಬಾರದೆಂದು ನಂಬರಿನ ತಗಡೂ ಬದಲಿಸಿದ್ದಾರೆ.

"ಕಾಗದದ ವಿಷಯ ಅಮ್ಮಾವ್ರು ಬಿಟ್ರೆ, ನೀವು ಬಿಟ್ರೆ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ." ತಡೆದ. "ಅವಳಿಗೆ ಗೊತ್ತಿತ್ತು."

"ನಿಮ್ಮ ಮನೆಯೋರಿಗೆ?"

"ಮಂಚದ ಕಾಲು ಗಡಗಡ ಅಂತಿತ್ತು. ಕೆಳಗೆ ಇಡೋಕೆ ಅಂತ ಉಳಿದ ಕಾಗದದ ತುಂಡು ಮನೆಗೆ ಒಯ್ದಿದ್ದೆ. ಹೋದ ತಿಂಗಳು ಗುಡಿಸೋವಾಗ ಅವಳ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಕಾಗದದ ಜೊತೆ ಬಾಳಿದೋಳು ಮೇಡಂ. 'ಕಬ್ಬಿಣದ ಕಾರ್ಖಾನೇಲಿ ಈ ಕಾಗದಕ್ಕೆ ಏನು ಕೆಲಸ ರೀ?' ಅಂದ್ಲು. ಮೊದಲು ಏನೋ ಬೊಗಳೆ ಬಿಟ್ಟೆ. ನಂಬಲಿಲ್ಲ. ಕೊನೆಗೆ ಎಲ್ಲಾ ಹೇಳಿದೆ. ಯಾವ್ಯಾವುದು ಎಲ್ಲೆಲ್ಲಿಗೆ ಹೋಯ್ತು ಅನ್ನೋದನ್ನೂ ಕೇಳಿದ್ಲು."

"ಆಮೇಲೆ?"

"ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು ಎದ್ದು ಹೋಗೋಳು. ಮೂರನೇ ದಿನ 'ಸರಿ ಬಿಡಿ' ಅಂದ್ಲು. ನನ್ನ ಮೇಲಿನ ಕೋಪ ಇಳೀತು ಅಂದ್ಕೊಂಡೆ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ." ಅವನು ಮೂಗು ಒರೆಸಿಕೊಂಡ. "ನಿದ್ದೆ ಮಾಡಿದೆ ಮೇಡಂ. ಅದನ್ನೇ ನೆನೆಸ್ಕೋತೀನಿ."

ಬೂದಿ ಮೇಡಂ ಕೋಣೆಯಾಚೆ ಹೋಗಿ, ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ ನಿಂತು ಮೊದಲು ವಿಮಾ ಕಂಪನಿಗೆ, ಆಮೇಲೆ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದಳು. ಇಪ್ಪತ್ತರಿಂದ ನಲವತ್ಮೂರು. ಇಪ್ಪತ್ತಾರು ಸಿಕ್ಕಿದೆ, ಮೂವತ್ತೊಂದು ಸುಟ್ಟಿದೆ. ಇನ್ನು ಇಪ್ಪತ್ತೆರಡು ಬಾಗಿಲು, ಕಾಗದ ತುಂಬಿಕೊಂಡು, ಎಲ್ಲೆಲ್ಲೋ ಕೀಲಿನ ಮೇಲೆ ತಣ್ಣಗೆ ತೂಗುತ್ತಿವೆ. ಇವತ್ತೇ ಬಿಚ್ಚಬೇಕು. ದಳದ ಹಳೇ ಸಹೋದ್ಯೋಗಿ ಲಿಖಿತ ಆದೇಶ ಬೇಕೆಂದ. ಆದೇಶ ಸಂಜೆಯೊಳಗೆ ತರಿಸಿಕೊ, ಜನರನ್ನು ಈಗಲೇ ಕಳಿಸು ಎಂದು ಅವಳು ಹೇಳಿದ ರೀತಿಗೆ ಅವನು ಎರಡನೇ ಸಲ ಎದುರಾಡಲಿಲ್ಲ.

ಮೂರನೇ ಫೋನು ಠಾಣೆಗೆ.

ಇನ್ಸ್‌ಪೆಕ್ಟರ್ ಗೊಣಗಿದ. "ಒಂಬತ್ತು ದಿನದಿಂದ ತುಟಿ ಬಿಚ್ಚಿಲ್ಲ, ನಿಮ್ಮ ಹತ್ರ ಮಾತಾಡ್ತಾನಾ? ಐದೇ ನಿಮಿಷ." ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ 'ಹ್ಞೂಂ' ಅಂದದ್ದು ಮುದುಕನ ದನಿ.

"ಮೇಷ್ಟ್ರೇ, ನಾನು. ಹದಿನೇಳು ಈಗ ಎಳೇ ಮಕ್ಕಳ ಕೋಣೇಲಿ ಇದೆ, ಅಲ್ವಾ?"

ಆ ಕಡೆ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಮುದುಕ ಕೂತಿರಬೇಕು.

"ಕೀಲು ಬಿಚ್ಚಿ ನೋಡಿದ್ಯಾ?" ಅಂದ.

"ನೋಡಿದೆ."

"ಹಾಗಿದ್ರೆ ಪಾಠ ವ್ಯರ್ಥ ಆಗ್ಲಿಲ್ಲ ಬಿಡು." ಆ ಮಾತಿನಲ್ಲಿ ಸಂತೋಷದ ಸುಳಿವೂ ಇರಲಿಲ್ಲ. "ಒಳ್ಳೇ ಹಲಗೆ ಆಗೋಕೆ ಇಪ್ಪತ್ತೊಂದು ದಿನ ಕಣಮ್ಮ. ಅಲ್ಲಿ ಹತ್ತೊಂಬತ್ತು ಪೆಟ್ಟಿಗೆ, ಹತ್ತೊಂಬತ್ತು ಮಕ್ಕಳು. ಕಾಯೋ ಹಾಗಿರ್ಲಿಲ್ಲ. ಬೈಂಡಿಂಗ್ ಕಟ್ಟಡದ್ದು ಬಿಚ್ಚಿ ಅಲ್ಲಿಗೆ ಹಾಕಿದೆ. ಕಾರ್ಖಾನೆ ಹಲಗೆ ಮುಟ್ಟಿದ್ರೆ ತಂಗಿಗೆ ಗೊತ್ತಾಗುತ್ತೆ ಅಂತ ಹೊಸ ಹಲಗೆ ಮನೇಲೇ ಒತ್ತಿದ್ದೆ, ಒಣಗಿದ ಕೂಡಲೇ ಬೈಂಡಿಂಗ್‌ಗೆ ಏರಿಸೋಣ ಅಂತ. ಒಂದಾದ ಮೇಲೆ ಒಂದು, ಎಲ್ಲಾ ಬಾಗಿಲೂ ಸದ್ದಿಲ್ಲದೆ ಬದಲಾಯಿಸಿಬಿಡೋಣ ಅಂತ ಇದ್ದೆ. ಹದಿನಾರನೇ ದಿನಕ್ಕೆ ಬೆಂಕಿ ಬಿತ್ತು."

"ಯಾಕೆ ಸದ್ದಿಲ್ಲದೆ? ಒಂದು ಮಾತು ನನಗೆ ಹೇಳಿದ್ರೆ ಅವತ್ತೇ ಎಲ್ಲಾ ಬಿಚ್ಚಿಸ್ತಿದ್ದೆ!"

"ನನ್ನ ತಂಗಿ ಜೈಲಿಗೆ ಹೋಗ್ತಿದ್ಲು." ಮುದುಕ ಉಸಿರು ಎಳೆದುಕೊಂಡ. "ನಾನೇ ಎತ್ತಿ ಆಡಿಸಿದ ಮಗು ಅದು. ತಪ್ಪು ನನ್ನದು ಅಂದಿದ್ದು ಸುಮ್ನೆ ಅಲ್ಲ."

ಬೂದಿ ಮೇಡಂಗೆ ಕೆಟ್ಟ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಣ್ಣನಿಗೆ ತಂಗಿ ಮೇಲೆ ಮಮತೆ, ತಂಗಿಗೆ ಗಡುವಿನ ಮೇಲೆ. ಸತ್ತವರು ಎರಡರ ಲೆಕ್ಕಕ್ಕೂ ಇಲ್ಲ. ಸಿಟ್ಟನ್ನು ನುಂಗಿ, ಅವಳು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಕೇಳಿದಳು.

"ನಿಮಗೆ ಎಪ್ಪತ್ತೊಂದು ವರ್ಷ ಮೇಷ್ಟ್ರೇ. ಬಾಗಿಲು ನಲವತ್ತೊಂದು ಕಿಲೋ. ಕೀಲಿಂದ ಇಳಿಸಿ, ವ್ಯಾನಿಗೆ ಹಾಕಿ, ಇನ್ನೊಂದು ಕಡೆ ಏರಿಸೋದು ಒಬ್ಬರ ಕೈಲಿ ಆಗೋದಲ್ಲ. ಇನ್ನೊಂದು ತುದಿ ಹಿಡಿದೋರು ಯಾರು?"

ಫೋನು ಕಡಿಯಿತೇನೋ ಎಂದು ಅವಳು ಪರದೆ ನೋಡಿಕೊಂಡಳು.

"ಅವಳೇ ಕಣಮ್ಮ. ಹೊಲಿಗೆಯೋಳು."

ಅವಳು ಕಪಾಟಿಗೆ ಭುಜ ಒರಗಿಸಿದಳು.

"ಕಾಗದದ ತುಂಡು ಸೆರಗಲ್ಲಿ ಕಟ್ಟಿಕೊಂಡು ನನ್ನ ಮನೆಗೆ ಬಂದೋಳು ಅವಳು. ನಮ್ಮ ಬಾಗಿಲು ಬಿಚ್ಚಿ ಕೊಡ್ತೀನಿ ಅಂದೋಳೂ ಅವಳೇ. ನಾನು ಬೇಡ ಅಂದೆ. 'ನಮ್ಮೋರಿಗೆ ಕಾಲಿದೆ ಮೇಷ್ಟ್ರೇ, ಓಡ್ತಾರೆ. ಆ ಕೂಸುಗಳಿಗೆ ಇನ್ನೂ ಕತ್ತೇ ನಿಂತಿಲ್ಲ' ಅಂದ್ಲು. ರಜಾ ದಿನ ಬೀಗದ ಕೈ ತಂದು ತೆಗೆದ್ಲು. ಭಾರದ ಕಡೆ ಅವಳೇ ಹಿಡಿದ್ಲು." ಮುದುಕನ ದನಿ ಅಲ್ಲಿ ಮುರಿಯಿತು. "ಒಂದೇ ಒಂದು ಮಾತು ತಗೊಂಡಿದ್ಲು ನನ್ನ ಹತ್ರ. ಅವಳ ಗಂಡನಿಗೆ ಹೇಳಬಾರದು ಅಂತ. 'ನನ್ನ ಬಾಗಿಲು ನಾನೇ ಕೊಟ್ಟೆ ಅಂತ ಗೊತ್ತಾದ್ರೆ ಅವರು ಮತ್ತೆ ಕೈಲಿ ಬೆಸುಗೆ ಕಡ್ಡಿ ಹಿಡಿಯಲ್ಲ' ಅಂದ್ಲು. ಅದಕ್ಕೇ ಬಾಯಿ ಮುಚ್ಚಿ ಕೂತಿದೀನಿ. ನೀನೂ ಅವನಿಗೆ..."

"ಆಯ್ತು, ಐದು ನಿಮಿಷ ಆಯ್ತು," ಇನ್ಸ್‌ಪೆಕ್ಟರ್ ನಡುವೆ ಬಂದ. ಫೋನು ಕಡಿಯಿತು.

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ತಿರುಗಬೇಕಾಗುತ್ತದೆ. ಹಿಂದೆ ಯಾರೋ ಉಸಿರಾಡುತ್ತಿದ್ದದ್ದು ಎಷ್ಟೋ ಹೊತ್ತಿನಿಂದ ಅವಳಿಗೆ ಕೇಳಿಸುತ್ತಿತ್ತು.

"ಮೇಡಂ."

ಎಡಗೈ ಮೇಸ್ತ್ರಿ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ಮುದುಕನ ಮಾತು ಅವನಿಗೆ ಕೇಳಿರಲಿಲ್ಲ. ಅವಳು ಕೇಳಿದ ಪ್ರಶ್ನೆ ಮಾತ್ರ ಕೇಳಿತ್ತು. ಹತ್ತು ದಿನದಲ್ಲಿ ಮೊದಲ ಸಲ ಅವನ ಮುಖಕ್ಕೆ ರಕ್ತ ಬಂದಿತ್ತು, ಜೀವ ಹಿಡಿದುಕೊಳ್ಳಲು ಒಂದು ಆಸರೆ ಸಿಕ್ಕಿದವನ ಹಾಗೆ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

"ಇನ್ನೊಂದು ತುದಿ ಹಿಡಿದಿದ್ದು ಯಾರಂತೆ ಮೇಡಂ?" ಅವನು ಮೆಲ್ಲಗೆ ಕೇಳಿದ. "ನನ್ನ ಹೆಂಡತಿ ಬಾಗಿಲು ಕಿತ್ಕೊಂಡು ಹೋದೋರು ಯಾರು? ಹೆಸರು ಒಂದು ಹೇಳಿ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."